ಡೈನಮೋ ತಂತಿಯ ಬಳೆ

ಮೊನ್ನೆ ನೆಲಮಂಗಲದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬಾತ ರಟ್ಟಿನ ತುಂಬ ತಾಮ್ರದ ಬಳೆ ಸಿಕ್ಕಿಸಿಕೊಂಡು ಮಾರುತ್ತಿದ್ದ. ಸಕ್ಕರೆ ಕಾಯಿಲೆಗೆ ಒಂದು ಸಾಲು, ಬಿ.ಪಿ.ಗೆ ಒಂದು ಸಾಲು, ಮಂಡಿನೋವಿಗೆ ಇನ್ನೊಂದು. ನನ್ನ ನರೆಗೂದಲು ಕಂಡದ್ದೇ ಮಂಡಿನೋವಿನ ಸಾಲಿನಿಂದ ಒಂದನ್ನು ಕಿತ್ತು, "ಹಾಕ್ಕಂಡು ನೋಡಿ ಅಜ್ಜಿ, ನೋಡಕ್ಕೇನು ದುಡ್ಡಾ" ಎಂದು ಕೈಗೆ ತುರುಕಿದ. ನಾನು ಅದರ ತುದಿಯನ್ನು ಬೆರಳಿನಿಂದ ಸವರಿದೆ. ಹೊಸೆದ ಎಳೆಗಳ ನಡುವೆ ಉಗುರು ತೂರುತ್ತದೆಯೇ ಎಂದು ನೋಡಿದೆ. ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಮೀಟಿದೆ. ಅವನಿಗೆ ಅನುಮಾನ ಬಂತು. "ನೀವೂ ಇದೇ ಯಾಪಾರಾನಾ" ಎಂದ. ಉತ್ತರ ಹೇಳುವಷ್ಟರಲ್ಲಿ ಬಸ್ಸು ಬಂತು, ಹತ್ತಿಬಿಟ್ಟೆ. ಆದರೆ ಊರು ಸೇರುವವರೆಗೂ ಮನಸ್ಸಿನಲ್ಲೇ ಅವನಿಗೆ ಉತ್ತರ ಹೇಳುತ್ತ ಬಂದೆ. ಅವನು ಕೇಳಿಸಿಕೊಳ್ಳಲಿಲ್ಲ, ನೀವಾದರೂ ಕೇಳಿ.

ವ್ಯಾಪಾರವೇನೂ ಅಲ್ಲಪ್ಪ, ಆದರೆ ಒಂದು ಕಾಲದಲ್ಲಿ ನಾನೂ ತಾಮ್ರದ ತಂತಿಯಲ್ಲಿ ಬಳೆ ಮಾಡುತ್ತಿದ್ದೆ. ಮಾಡುತ್ತಿದ್ದೆ ಅನ್ನುವುದಕ್ಕಿಂತ ಕೆಡಿಸುತ್ತಿದ್ದೆ ಅಂದರೆ ಸರಿಯಾದೀತು.

ಎರಡನೆಯ ಮಹಾಯುದ್ಧದ ಕಾಲ ಅದು. ನಮ್ಮ ಹಳ್ಳಿ ತ್ಯಾಮಗೊಂಡ್ಲುವಿಗೆ ನಡೆದುಹೋಗುವಷ್ಟು ಹತ್ತಿರ. ಯುದ್ಧ ಎಲ್ಲಿ ನಡೆಯುತ್ತಿದೆ, ಯಾರು ಯಾರ ಮೇಲೆ ಬಿದ್ದಿದ್ದಾರೆ ಎನ್ನುವುದು ನಮಗೆ ಅಷ್ಟಾಗಿ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಇಲ್ಲ ಎನ್ನುವ ಸಾಮಾನುಗಳ ಮೇಲೆ ಅದರ ಅಂದಾಜು ಸಿಗುತ್ತಿತ್ತು. ಸೀಮೆಎಣ್ಣೆ ಇಲ್ಲ ಎಂದಾಗ ಅಜ್ಜಿ, "ಜೋರಾಗೈತೆ ಯುದ್ಧ" ಎನ್ನುತ್ತಿದ್ದಳು. ನನಗೆ ಯುದ್ಧ ಜೋರಾಗಿದೆ ಎಂದು ಗೊತ್ತಾದದ್ದು ಬಳೆಗಾರರು ಬಳೆ ತರುವುದು ನಿಂತಾಗ. ಹಬ್ಬಕ್ಕೆ ಮುಂಚೆ ಬಳೆ ಪೋಣಿಸಿದ ಮಲಾರ ಹೆಗಲಿಗೇರಿಸಿಕೊಂಡು ಬರುತ್ತಿದ್ದವರು ಆ ಸಲ ಬರಿಗೈಯಲ್ಲಿ ಬಂದು, "ಉತ್ತರದ ಕಡೆಯಿಂದ ಬಳೆ ಬತ್ತಾ ಇಲ್ಲ ತಾಯಿ, ರೈಲೆಲ್ಲಾ ಮಿಲ್ಟ್ರಿಗೆ ಹೋಗೈತೆ" ಎಂದು ಹೇಳಿ, ಮಜ್ಜಿಗೆ ಕುಡಿದು ಹೋದರು.

ನನಗಾಗ ಹದಿನಾಲ್ಕೋ ಹದಿನೈದೋ. ಬಾವಿಯ ಹಗ್ಗ, ಹುಣಸೆಮರ, ಎಮ್ಮೆಯ ಕೊಂಬು, ಇವುಗಳಲ್ಲಿ ಯಾವುದಾದರೊಂದಕ್ಕೆ ತಗುಲಿಸಿ ಗಾಜಿನ ಬಳೆ ಒಡೆದುಕೊಳ್ಳದ ದಿನ ಇರಲಿಲ್ಲ. ಇದ್ದವೆಲ್ಲ ಒಡೆದು ಕೈ ಬರಿದಾಯಿತು. ಅಜ್ಜಿಗೆ ಅದನ್ನು ನೋಡಲಾಗುತ್ತಿರಲಿಲ್ಲ. "ಹೆಣ್ ಮಗ ಬೋಳು ಕೈಯಲ್ಲಿ ಓಡಾಡ್ಬಾರ್ದು ಕಣೆ ಗೌರಿ, ಮನೆಗಾಗಲ್ಲ" ಎಂದು ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದಳು. ಆ ಮಾತು ಹೇಳುವಾಗ ಅಲ್ಲೇ ಪಕ್ಕದಲ್ಲಿ ಮೊರ ಹಿಡಿದು ಕೂತಿರುತ್ತಿದ್ದ ಸಣ್ಣತ್ತೆ ಕೇರುವುದನ್ನು ಜೋರು ಮಾಡುತ್ತಿದ್ದಳು. ಮೊರದ ಸದ್ದಿನಲ್ಲಿ ಅಜ್ಜಿಯ ಉಳಿದ ಮಾತು ಮುಳುಗಿಹೋಗುತ್ತಿತ್ತು.

ಸಣ್ಣತ್ತೆ ಎಂದರೆ ನಮ್ಮಪ್ಪನ ಕೊನೆಯ ತಂಗಿ. ಹೆಸರು ತಾಯಮ್ಮ. ದೊಡ್ಡಬಳ್ಳಾಪುರದ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ, ಗಂಡ ಜ್ವರದಲ್ಲಿ ತೀರಿಕೊಂಡ. ಇಪ್ಪತ್ತರ ಆಚೀಚೆಗೆ ಅವಳು ನಮ್ಮ ಮನೆಗೆ ವಾಪಸ್ ಬಂದಳು. ನಮ್ಮಲ್ಲಿ ತಲೆ ಬೋಳಿಸುವ ಪದ್ಧತಿ ಇರಲಿಲ್ಲ. ಆದರೆ ಹೂವು, ಕುಂಕುಮ, ಬಳೆ ಮೂರೂ ಹೋದವು. ಬಳೆ ಹೋದರೂ ಬಳೆಯ ಅಭ್ಯಾಸ ಅವಳನ್ನು ಬಿಟ್ಟಿರಲಿಲ್ಲ. ಹಿಟ್ಟು ನಾದುವ ಮುಂಚೆ, ಬಟ್ಟೆ ಹಿಂಡುವ ಮುಂಚೆ ಎಡಗೈಯಿಂದ ಬಲಗೈಯನ್ನು ಸವರಿ ಮೊಣಕೈಯತ್ತ ಏನನ್ನೋ ಸರಿಸುತ್ತಿದ್ದಳು. ಅಲ್ಲಿ ಸರಿಸಲು ಏನೂ ಇರುತ್ತಿರಲಿಲ್ಲ. ನಾನು ಅದನ್ನು ನೋಡಿ ನಗುತ್ತಿದ್ದೆ, ಅವಳೂ ನಗುತ್ತಿದ್ದಳು.

ತಂತಿ ಬಂದದ್ದು ಮುನಿಯಪ್ಪ ಮಾವನಿಂದ. ಅವ್ವನ ತಮ್ಮ ಆತ, ನೆಲಮಂಗಲದಲ್ಲಿ ಬಸ್ಸು ರಿಪೇರಿ ಮಾಡುವ ಶೆಡ್ಡಿನಲ್ಲಿದ್ದ. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲಿನಲ್ಲಿ ಓಡುತ್ತಿದ್ದ ಕಾಲ. ಬಸ್ಸಿನ ಹಿಂಭಾಗಕ್ಕೆ ಹಂಡೆಯಂಥದ್ದೊಂದನ್ನು ಕಟ್ಟಿ, ಅದರೊಳಗೆ ಇದ್ದಿಲು ಉರಿಸಿ, ಆ ಹೊಗೆಯಲ್ಲಿ ಬಸ್ಸು ನಡೆಸುತ್ತಿದ್ದರು. ಹಾಗಾಗಿ ಮಾವ ಯಾವಾಗ ಬಂದರೂ ಅಡುಗೆ ಭಟ್ಟನ ಹಾಗೆ ಮಸಿ ಬಳಿದುಕೊಂಡೇ ಬರುತ್ತಿದ್ದ. ಒಂದು ಸಲ ಸುಟ್ಟುಹೋದ ಡೈನಮೋ ಬಿಚ್ಚಿ, ಅದರೊಳಗಿನ ತಾಮ್ರದ ತಂತಿಯ ಸಿಂಬೆ ತಂದು, "ಚಪ್ಪರಕ್ಕೆ ಕಟ್ಕ, ಅಕ್ಕ" ಎಂದು ಅವ್ವನಿಗೆ ಕೊಟ್ಟ. ಕುಂಬಳದ ಚಪ್ಪರಕ್ಕೆ ಸೇರಬೇಕಾದ ತಂತಿ ಅರ್ಧದಷ್ಟು ನನ್ನ ಕೈ ಸೇರಿತು.

ಬಳೆ ಮಾಡುವುದೆಂದರೆ ಏನು ಮಹಾ, ತಂತಿಯನ್ನು ಕೈಗೆ ಸುತ್ತಿದರೆ ಆಯಿತಲ್ಲ ಎಂದುಕೊಂಡಿದ್ದೆ. ಮೊದಲು ತಂತಿಯ ಮೇಲಿದ್ದ ಸುಟ್ಟ ನೂಲಿನ ಹೊದಿಕೆಯನ್ನು ಉಗುರಿನಲ್ಲಿ ಕೆರೆಕೆರೆದು ತೆಗೆದೆ, ಬೆರಳುಗಳು ಮಾವನ ಬೆರಳುಗಳಾದವು. ಆಮೇಲೆ ಮುಂಗೈಗೆ ಸುತ್ತಿದೆ. ಸುತ್ತಿದ್ದು ಸರಿ, ತೆಗೆಯಲು ಬರಲಿಲ್ಲ. ಎಣ್ಣೆ ಹಚ್ಚಿ ಎಳೆದು ತೆಗೆದಾಗ ಅದು ಬಳೆಯ ಆಕಾರ ಬಿಟ್ಟು ಬೇರೆಲ್ಲ ಆಕಾರದಲ್ಲೂ ಇತ್ತು. ಎರಡನೆಯದರ ತುದಿ ಮುಳ್ಳಿನಂತೆ ಎದ್ದು ನಿಂತು, ಕೆನ್ನೆ ಕೆರೆದುಕೊಂಡಾಗ ಕೆನ್ನೆಯನ್ನೇ ಗೀರಿತು. ಮೂರನೆಯದನ್ನು ಹಟ ಹಿಡಿದು ಎರಡು ದಿನ ಹಾಕಿಕೊಂಡೆ. ಮುಂಗೈ ಸುತ್ತ ಹಸಿರು ಪಟ್ಟಿ ಮೂಡಿತು. ಅವ್ವ ಅದನ್ನು ಕಂಡು ವಿಷವೇರಿದೆ ಎಂದು ಹೆದರಿ, ಹುಣಸೆಹಣ್ಣು ಉಪ್ಪು ಹಾಕಿ ತಂಬಿಗೆ ಉಜ್ಜುವ ಹಾಗೆ ನನ್ನ ಕೈ ಉಜ್ಜಿದಳು. ಆಗ ಒಂದು ಲಾಭವಾಯಿತು. ಹುಣಸೆಹಣ್ಣಿಗೆ ಕೈಗಿಂತ ಬಳೆಯೇ ಚೆನ್ನಾಗಿ ಹೊಳೆಯುತ್ತದೆ ಎಂದು ಗೊತ್ತಾಯಿತು.

ಮುನಿಯಪ್ಪ ಮಾವ ಮುಂದಿನ ಸಲ ಬಂದಾಗ ನನ್ನ ಕೈಕೆಲಸವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಬಳೆನೋ ಇಲಿ ಬೋನೋ" ಎಂದು ಕೇಳಿದ. ಆದರೂ ಪಾಪ, ಶೆಡ್ಡಿನಿಂದ ಹಲ್ಲು ಸವೆದ ಒಂದು ಇಕ್ಕಳ ತಂದುಕೊಟ್ಟ. ತಂತಿಯನ್ನು ಕೈಗೆ ಸುತ್ತಬಾರದು, ಕೈಯಷ್ಟೇ ದಪ್ಪದ ಬೇರೆ ಯಾವುದಕ್ಕಾದರೂ ಸುತ್ತಬೇಕು ಎನ್ನುವುದು ನನಗೇ ಹೊಳೆಯಿತು. ಮನೆಯಲ್ಲೆಲ್ಲ ಹುಡುಕಿ, ಕೊನೆಗೆ ಒನಕೆಯೇ ಸರಿ ಎಂದು ಅದನ್ನು ಹಿತ್ತಲಿಗೆ ಹೊತ್ತುಕೊಂಡು ಹೋದೆ. ಅಜ್ಜಿ ರಾಗಿ ಕುಟ್ಟಲು ಒನಕೆ ಹುಡುಕಿಕೊಂಡು ಬಂದವಳು ಅದಕ್ಕೆ ತೊಡಿಸಿದ್ದ ತಂತಿ ಕಂಡು, "ಏನೆ, ಒನಕೆಗೆ ಮದ್ವೆ ಮಾಡ್ತಿದ್ದೀಯಾ" ಎಂದು ಕಿತ್ತುಕೊಂಡು ಹೋದಳು.

ಇಷ್ಟಾದರೂ ಬಳೆ ಹದಕ್ಕೆ ಬರಲಿಲ್ಲ. ಎರಡು ಸಲ ಬಗ್ಗಿಸಿ ನೆಟ್ಟಗೆ ಮಾಡಿದರೆ ತಂತಿ ಮೊಂಡು ಬೀಳುತ್ತಿತ್ತು. ಮೂರನೆಯ ಸಲಕ್ಕೆ ಇಕ್ಕಳಕ್ಕೂ ಬಗ್ಗುತ್ತಿರಲಿಲ್ಲ. ಒಂದು ಸಂಜೆ ಸಿಟ್ಟು ಬಂದು, ಅರ್ಧ ಮಾಡಿದ್ದ ಬಳೆಯನ್ನು ಬಚ್ಚಲಿನ ನೀರೊಲೆಗೆ ಎಸೆದು ಬಂದೆ. ಇನ್ನು ಈ ಕೆಲಸಕ್ಕೆ ಕೈ ಹಾಕುವುದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಯಾರೂ ದುಃಖಪಡಲಿಲ್ಲ.

ಮಾರನೆಯ ಬೆಳಗ್ಗೆ ಪಾತ್ರೆಗೆ ಬೂದಿ ತೆಗೆಯಲು ಹೋದ ಸಣ್ಣತ್ತೆ ಅದನ್ನು ಕಡ್ಡಿಯಲ್ಲಿ ಎತ್ತಿಕೊಂಡು ಬಂದಳು. ಕಪ್ಪಗಾಗಿತ್ತು. "ಗೌರಿ, ಇಲ್ ನೋಡೆ. ನೀನು ಬೈದಿದ್ದಕ್ಕೆ ಮೆತ್ತಗಾಗೋಗೈತೆ" ಎಂದು ಬೆರಳಿನಿಂದಲೇ ಬಗ್ಗಿಸಿ ತೋರಿಸಿದಳು. ದಾಸವಾಳದ ಎಳೆ ಕಡ್ಡಿಯಂತೆ ಬಗ್ಗಿತು. ಮೊಂಡು ಬಿದ್ದ ತಂತಿಯನ್ನು ಕೆಂಪಗೆ ಕಾಯಿಸಿದರೆ ಮತ್ತೆ ಮಾತು ಕೇಳುತ್ತದೆ ಎಂದು ನಮಗಿಬ್ಬರಿಗೂ ಗೊತ್ತಾದದ್ದು ಹೀಗೆ.

ಅಂದಿನಿಂದ ಸಣ್ಣತ್ತೆ ಹಿತ್ತಲಿಗೆ ಬರತೊಡಗಿದಳು. ಮಧ್ಯಾಹ್ನ ಅಜ್ಜಿ ಮಲಗಿದ ಮೇಲೆ ತಂತಿಯ ಎರಡು ಎಳೆಗಳನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ಇನ್ನೊಂದು ತುದಿಗೆ ಕೋಲು ಕಟ್ಟಿ ಹೊಸೆಯುತ್ತಿದ್ದೆವು. ನಾನು ಹೊಸೆದರೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಅವಳು ಹೊಸೆದರೆ ಈ ತುದಿಯಿಂದ ಆ ತುದಿಯವರೆಗೂ ಒಂದೇ ಸಮ.

"ಜಗ್ಗಬೇಡ ಕಣೆ," ಎನ್ನುತ್ತಿದ್ದಳು. "ನಿನಗೆ ಜಡೆ ಹಾಕ್ವಾಗ ನಾನು ಕೂದ್ಲು ಜಗ್ತೀನಾ? ಹಂಗೆ, ಮೆತ್ತಗೆ. ಅದರ ಪಾಡಿಗೆ ಅದು ಬರ್ಲಿ."

ತುದಿಗಳನ್ನು ಕಲ್ಲಿಗೆ ಉಜ್ಜಿ ನುಣುಪು ಮಾಡಿ, ಒಳಕ್ಕೆ ಸುರುಳಿ ಸುತ್ತುವುದನ್ನು ಕಂಡುಹಿಡಿದವಳೂ ಅವಳೇ. ಆಮೇಲೆ ನಮ್ಮ ಬಳೆ ಯಾರ ಕೆನ್ನೆಯನ್ನೂ ಗೀರಲಿಲ್ಲ.

ನನ್ನ ಕೈಯ ಬಳೆ ನೋಡಿ ಪಕ್ಕದ ಮನೆಯ ಕೆಂಪಜ್ಜಿ ಒಂದು ಕೇಳಿದಳು. ಆಕೆಗೆ ಬಹಳ ಕಾಲದಿಂದ ಮುಂಗೈ ನೋವು. ಹಾಕಿಕೊಂಡು ಎಂಟು ಹತ್ತು ದಿನವಾಗಿರಬೇಕು, ನೋವು ಹೋಯಿತು ಎಂದು ಊರಿಗೆಲ್ಲ ಹೇಳಿಕೊಂಡು ಬಂದಳು. ಅದೇ ಹೊತ್ತಿಗೆ ಮನೆಗೆ ಸೊಸೆ ಬಂದು ರಾಗಿ ಬೀಸುವ ಕೆಲಸ ತಪ್ಪಿತ್ತು ಎನ್ನುವುದನ್ನು ಅವಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ನಾನೂ ನೆನಪಿಸಲು ಹೋಗಲಿಲ್ಲ. ಊರಿನ ಮುದುಕ ಮುದುಕಿಯರೆಲ್ಲ ನಮ್ಮ ಹಿತ್ತಲಿಗೆ ಬಂದು ಕೈ ಚಾಚತೊಡಗಿದರು. ಮುನಿಯಪ್ಪ ಮಾವ ನನ್ನನ್ನು ಡಾಕ್ಟ್ರಮ್ಮ ಎಂದು ಕರೆಯತೊಡಗಿದ. ತಾನೂ ಒಂದು ಹಾಕಿಕೊಂಡ. ಮಸಿಯ ಕೈ ಹಸಿರಾದದ್ದು ಅವನಿಗೆ ಗೊತ್ತಾಗಲಿಲ್ಲ.

ಒಂದು ಮಧ್ಯಾಹ್ನ ಮೂರು ಎಳೆಯನ್ನು ಜಡೆಯ ಹಾಗೆ ಹೆಣೆದು ಒಂದು ಬಳೆ ಮಾಡಿದೆವು. ಅಷ್ಟು ಚೆನ್ನಾಗಿ ಅದುವರೆಗೆ ಯಾವುದೂ ಬಂದಿರಲಿಲ್ಲ. ಹುಣಸೆಹಣ್ಣಿನಲ್ಲಿ ತೊಳೆದು ಬಿಸಿಲಿಗೆ ಹಿಡಿದರೆ ಹೊಸ ತಂಬಿಗೆಯ ಬಣ್ಣ. "ಕೈ ಕೊಡು ಸಣ್ಣತ್ತೆ, ಅಳತೆ ನೋಡ್ತೀನಿ" ಎಂದೆ. ಅವಳು ಬೇರೇನೋ ಯೋಚನೆಯಲ್ಲಿ ಕೈ ಕೊಟ್ಟಳು. ತೊಡಿಸಿದೆ. ಕೈಗೆ ಹೇಳಿ ಮಾಡಿಸಿದಂತಿತ್ತು. ಅವಳು ಕೈಯನ್ನು ಆಚೆ ಈಚೆ ತಿರುಗಿಸಿದಳು. ಆಮೇಲೆ ಎಡಗೈಯಿಂದ ಅದನ್ನು ಮೊಣಕೈಯತ್ತ ಸರಿಸಿದಳು. ಅದು ಸರಿಯಿತು. ಕೈ ಇಳಿಬಿಟ್ಟಳು, ಅದು ಜಾರಿ ಮುಂಗೈಗೆ ಬಂತು. ಮತ್ತೆ ಸರಿಸಿದಳು.

ಹಿತ್ತಲ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಯಾವಾಗ ಎದ್ದು ಬಂದಳೋ ತಿಳಿಯಲಿಲ್ಲ. ಸಣ್ಣತ್ತೆ ಗಡಿಬಿಡಿಯಲ್ಲಿ ಬಳೆ ಎಳೆದು ತೆಗೆದಳು. ಎಳೆದ ರಭಸಕ್ಕೆ ಕೈಯ ಮೇಲೆ ಕೆಂಪು ಗೀರು ಎದ್ದಿತು. ಅಜ್ಜಿ ಆ ಕೈಯನ್ನೇ ನೋಡಿ, ಬಂದ ಕೆಲಸ ಬಿಟ್ಟು ಒಳಕ್ಕೆ ಹೋದಳು.

ಆಮೇಲೆ ಸಣ್ಣತ್ತೆ ಹಿತ್ತಲಿಗೆ ಬರಲಿಲ್ಲ. ಕರೆದರೆ, ಕೆಲಸ ಐತೆ ಎನ್ನುತ್ತಿದ್ದಳು. ನಾನೊಬ್ಬಳೇ ಹೊಸೆದರೆ ತಂತಿ ಮತ್ತೆ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಅವ್ವನನ್ನು ಕೇಳಿದೆ, ಒಂದು ತಂತಿ ಹಾಕಿಕೊಂಡರೆ ಏನಾಗುತ್ತದೆ ಎಂದು. "ನಮ್ಮ ಮನೇಲಿ ಯಾರೂ ಏನೂ ಅನ್ನಲ್ಲ ಅಂತಿಟ್ಕ," ಎಂದಳು ಅವ್ವ. "ನಾಳೆ ಅವಳ ಅತ್ತೆ ಮನೆಯವ್ರು ಕಂಡ್ರೆ? ಹೋದೋನು ಅವರ ಮಗ ಕಣೆ."

ಅವರೆಕಾಯಿಯ ಕಾಲ ಬಂತು. ಮಧ್ಯಾಹ್ನ ಹೆಂಗಸರೆಲ್ಲ ನಮ್ಮ ಜಗಲಿಯ ಮೇಲೆ ಕಾಯಿ ಸುಲಿಯುತ್ತ ಕೂರುತ್ತಿದ್ದರು. ಒಂದು ದಿನ ಅವರಿವರ ಮನೆಯ ಮಾತು ನಡೆದಿತ್ತು. ಅಜ್ಜಿ ತಲೆಯೆತ್ತದೆ, ಕಾಳು ಬಿಡಿಸುತ್ತಲೇ, "ನಮ್ ತಾಯಮ್ಮಂಗೂ ಮುಂಗೈ ನೋವು ಕಣೆ ಕೆಂಪಿ" ಎಂದಳು.

ಸಣ್ಣತ್ತೆ ಅಲ್ಲೇ ಕೂತಿದ್ದಳು. "ನನಗಾ?" ಎಂದಳು.

"ಊಂ, ನಿನಗೇ. ರಾಗಿ ಬೀಸಿ ಬೀಸಿ ಹಂಗಾಗೈತೆ. ರಾತ್ರಿಯೆಲ್ಲಾ ಮುಲುಗ್ತಿದ್ಯಲ್ಲ."

ಸಣ್ಣತ್ತೆ ಅಜ್ಜಿಯ ಮುಖ ನೋಡಿದಳು. ಅಜ್ಜಿ ಅವರೆಕಾಯಿಯನ್ನೇ ನೋಡುತ್ತಿದ್ದಳು. ಕೆಂಪಜ್ಜಿ ಒಂದು ಕ್ಷಣ ಇಬ್ಬರನ್ನೂ ನೋಡಿದಳು. ದಡ್ಡಿಯಲ್ಲ ಆಕೆ. ತನ್ನ ಕೈ ಮುಂದೆ ಚಾಚಿ, "ತಾಮ್ರ ಹಾಕ್ಸು ಮತ್ತೆ. ನನಗೆ ಹೋಗ್ಲಿಲ್ವಾ" ಎಂದಳು. ಉಳಿದವರು ಕಾಯಿ ಸುಲಿಯುತ್ತಲೇ ಇದ್ದರು.

ಅಜ್ಜಿ ನನ್ನ ಕಡೆ ತಿರುಗಿ, "ಗೌರಿ, ನಿಮ್ಮತ್ತೆಗೊಂದು ಮಾಡ್ಕೊಡೆ. ಬಳೆ ಅಲ್ಲ, ಔಸ್ದಿ" ಎಂದಳು.

ಮಾಡುವುದೇನು ಬಂತು, ಆ ಮೂರೆಳೆಯ ಬಳೆ ಮಣ್ಣಿನ ಕುಡಿಕೆಯೊಳಗೆ ಹಾಗೇ ಇತ್ತು. ಓಡಿಹೋಗಿ ತಂದೆ. ಸಣ್ಣತ್ತೆ ಅದನ್ನು ತಾನೇ ಹಾಕಿಕೊಂಡಳು. ನನಗೆ ನೆನಪಿರುವಂತೆ ಅಂದು ಅವಳು ಸುಲಿದ ಅವರೆಕಾಳಿನಲ್ಲಿ ಅರ್ಧ ಸಿಪ್ಪೆಯ ರಾಶಿಗೆ ಸೇರಿತು.

ಅಜ್ಜಿ ಸುಳ್ಳನ್ನು ಅರ್ಧಕ್ಕೆ ಬಿಡುವವಳಲ್ಲ. ದಿನಾ ಸಂಜೆ, ಹೊಲದಿಂದ ಜನ ವಾಪಸಾಗುವ ಹೊತ್ತಿಗೆ ಸರಿಯಾಗಿ, ಬಿಸಿ ಮಾಡಿದ ಹರಳೆಣ್ಣೆಯ ಬಟ್ಟಲು ಹಿಡಿದು ಜಗಲಿಗೆ ಬಂದು ಕೂತು, ಸಣ್ಣತ್ತೆಯ ಕೈಗೆ ತಿಕ್ಕುತ್ತಿದ್ದಳು. ದಾರಿಯಲ್ಲಿ ಹೋಗುವವರು ಕೇಳದಿದ್ದರೆ ತಾನೇ ಕರೆದು ಹೇಳುತ್ತಿದ್ದಳು. ಹೀಗೆ ನಾಲ್ಕಾರು ದಿನ ಕಳೆದ ಮೇಲೆ ಒಂದು ಸಂಜೆ ಸಣ್ಣತ್ತೆ, ದನಿಯಲ್ಲಿ ಏನೂ ತೋರಗೊಡದೆ, "ಅವ್ವ, ಎಡಗೈಯೂ ನೋಯ್ತದೆ" ಎಂದಳು.

ಅಜ್ಜಿಯ ಕೈ ನಿಂತಿತು. ಮಗಳನ್ನು ನೋಡಿದಳು. ಬಾಯಿಗೆ ಸೆರಗು ಅಡ್ಡ ಹಿಡಿದು ನಗತೊಡಗಿದಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಹರಳೆಣ್ಣೆಯ ಕೈಯಿಂದಲೇ ಒರೆಸಿಕೊಂಡು ಕಣ್ಣು ಉರಿಸಿಕೊಂಡಳು. "ಆಯ್ತು ಬಿಡು, ಅದಕ್ಕೂ ಒಂದು ಹಾಕ್ಕ" ಎಂದಳು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಬೇಸಿಗೆಯ ಮೊದಲಿಗೆ ಸಣ್ಣತ್ತೆಯ ಅತ್ತೆ ನಂಜಮ್ಮ ಬರುತ್ತಾರೆಂದು ಸುದ್ದಿ ಬಂತು. ಮಗ ಹೋದ ಮೇಲೆ ಅವರು ನಮ್ಮ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಶಿವಗಂಗೆ ಬೆಟ್ಟಕ್ಕೆ ಹರಕೆ ಒಪ್ಪಿಸಲು ಹೊರಟವರು, ದಾರಿಯಲ್ಲಿ ನಮ್ಮಲ್ಲಿ ಒಂದು ರಾತ್ರಿ ಇದ್ದು ಹೋಗುವುದೆಂದಾಗಿತ್ತು. ಅವರೂ ಬಹಳ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಒಬ್ಬನೇ ಮಗನನ್ನು ಸಾಕಿ, ಮದುವೆ ಮಾಡಿ, ಅವನನ್ನೂ ಮಣ್ಣು ಮಾಡಿದವರು. ಮಾತು ಕಡಿಮೆ, ಆಡಿದರೆ ಎದುರಿನವರು ಸುಮ್ಮನಾಗುವಂಥ ಮಾತು.

ಅವರು ದಾರಿಯ ತಿರುವಿನಲ್ಲಿ ಕಾಣಿಸಿದಾಗ ಅವ್ವ ಒಳಕ್ಕೆ ಓಡಿಬಂದು, "ತೆಗ್ದು ಮಡಗು ತಾಯಮ್ಮ, ಹೋದ್ಮೇಲೆ ಹಾಕ್ಕಳೀವಂತೆ" ಎಂದಳು. ಸಣ್ಣತ್ತೆಯ ಕೈ ಬಳೆಗೆ ಹೋಯಿತು.

"ತೆಗೀಬೇಡ," ಎಂದಳು ಅಜ್ಜಿ. "ನೆಂಟರು ಬಂದ್ರೆ ನೋವು ಹೊಂಟೋಯ್ತದಾ?" ಹೇಳಿದ್ದೇನೋ ಗಟ್ಟಿಯಾಗಿಯೇ. ಆದರೆ ತುಂಬಿದ್ದ ಚೊಂಬಿಗೇ ಮತ್ತೆ ನೀರು ಹಾಕಿ ಚೆಲ್ಲಿಕೊಂಡಳು.

ನಂಜಮ್ಮ ಕಾಲು ತೊಳೆದು ಒಳಗೆ ಬಂದರು. ಕುಶಲ ಕೇಳಿದ್ದಾಯಿತು, ಊಟಕ್ಕೆ ಕೂತದ್ದಾಯಿತು. ಸಣ್ಣತ್ತೆ ಬಡಿಸುತ್ತಿದ್ದಳು. ಮುದ್ದೆ ಇಟ್ಟು ಸಾರು ಹಾಕಲು ಬಗ್ಗಿದಾಗ ಎರಡೂ ಕೈಯ ಬಳೆ ಜಾರಿ ಮುಂದೆ ಬಂದವು. ನಂಜಮ್ಮನ ಕೈ ತಟ್ಟೆಯಲ್ಲೇ ನಿಂತಿತು.

"ಏನ್ ತಾಯಿ ಇದು?"

ಅಜ್ಜಿ ಗೋಡೆಗೊರಗಿ ಕೂತು ಈ ಗಳಿಗೆಗೇ ಕಾದಿದ್ದಳು. "ಮುಂಗೈ ನೋವು ಬೀಗಿತ್ತಿ, ತಾಮ್ರ ಹಾಕಿದ್ರೆ..." ಎಂದು ಶುರು ಮಾಡಿದಳು.

"ನಿಮ್ಮನ್ನ ಕೇಳ್ಲಿಲ್ಲ ಬೀಗಿತ್ತಿ. ಅವಳ್ನ ಕೇಳ್ದೆ."

ಸಣ್ಣತ್ತೆ ಸಾರಿನ ಪಾತ್ರೆ ಕೆಳಗಿಟ್ಟಳು. ಅಜ್ಜಿ ಕಣ್ಣಿನಲ್ಲೇ ಏನೇನೋ ಹೇಳುತ್ತಿದ್ದಳು. ಸಣ್ಣತ್ತೆ ಆ ಕಡೆ ನೋಡಲಿಲ್ಲ.

"ನೋವಿಲ್ಲ ಅತ್ತೆಮ್ಮ," ಎಂದಳು. "ಬರೀ ಕೈ ನೋಡ್ಕಂಡಿರಕ್ಕೆ ನನ್ನ ಕೈಲಾಗ್ಲಿಲ್ಲ. ಅದಕ್ಕೆ ಹಾಕ್ಕಂಡೆ."

ನಂಜಮ್ಮ ಉಳಿದ ಮುದ್ದೆಯನ್ನು ನಿಧಾನವಾಗಿ ಮುರಿದು, ಸಾರಿಗೆ ಅದ್ದಿ, ಪೂರ್ತಿ ಊಟ ಮಾಡಿದರು. ಕೈ ತೊಳೆದು ಜಗಲಿಗೆ ಹೋಗಿ ಕೂತರು. ಅವ್ವ ಅಳುತ್ತಿದ್ದಳು. ನಾನು ಬಾಗಿಲ ಹಿಂದೆ ನಿಂತು, ಈ ದರಿದ್ರ ತಂತಿಯನ್ನು ಚಪ್ಪರಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತಲ್ಲ ಎಂದುಕೊಳ್ಳುತ್ತಿದ್ದೆ.

"ಅದ್ನ ಮಾಡಿದ್ದು ಯಾರು?" ಎಂದು ಜಗಲಿಯಿಂದ ದನಿ ಬಂತು.

ಹೋದೆ. ಸಣ್ಣತ್ತೆಯೂ ನನ್ನ ಹಿಂದೆಯೇ ಬಂದಳು. "ನಾನೂ ಸಣ್ಣತ್ತೆಯೂ" ಎಂದೆ.

"ತತ್ತಾ ನೋಡಾನ."

ಕುಡಿಕೆ ತಂದು ಮುಂದಿಟ್ಟೆ. ನಂಜಮ್ಮ ಒಂದೊಂದನ್ನೇ ಎತ್ತಿ, ಬೆಳಕಿಗೆ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನಮ್ಮಿಬ್ಬರಿಗೂ ಅಲ್ಲ, ಬೀದಿಗೆ ಹೇಳುವ ಹಾಗೆ ಹೇಳಿದರು: "ಇವಳ ಕೈ ಬಳೆ ತೆಗ್ಸಿದವಳು ನಾನು. ನನ್ನ ಕೈದು ನಮ್ಮತ್ತೆ ತೆಗ್ಸಿದ್ರು. ಆಗ ನನ್ನ ಮಗ ಇನ್ನೂ ಅಂಬೆಗಾಲು. ನನ್ನ ಕೈ ಹಿಡ್ಕಂಡು ಬಳೆ ಹುಡುಕ್ತಿತ್ತು ಮಗ, ಆಡಕ್ಕೆ."

ಸಣ್ಣತ್ತೆ ಅವರ ಪಕ್ಕದಲ್ಲಿ ಕೂತಳು.

ನಂಜಮ್ಮ ಸೆರಗಿನೊಳಗಿಂದ ತಮ್ಮ ಬಲಗೈಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಮೂಳೆ ಎದ್ದು ಕಾಣುವ, ಗಂಟು ಬಿದ್ದ ಬೆರಳುಗಳ ಕೈ. "ನನಗೆ ನಿಜವಾಗ್ಲೂ ನೋವೈತೆ ಕಣಮ್ಮ," ಎಂದರು. "ನನಗೂ ಒಂದು ಆಯ್ತದಾ?"

ಸಣ್ಣತ್ತೆ ತನ್ನ ಸೀರೆಯ ಅಂಚಿನಿಂದ ಒಂದು ದಾರ ಎಳೆದು, ಆ ಮುಂಗೈಯ ಸುತ್ತ ಹಾಕಿ ಅಳತೆ ತೆಗೆದುಕೊಂಡಳು. ಅಳತೆ ಮುಗಿದ ಮೇಲೂ ಆ ಕೈಯನ್ನು ಬಿಡಲಿಲ್ಲ, ನಂಜಮ್ಮನೂ ಎಳೆದುಕೊಳ್ಳಲಿಲ್ಲ. ಒಳಗಿನಿಂದ ಅಜ್ಜಿ ಬಂದು, ಯಾರೂ ಕೇಳದೆಯೇ, ಒನಕೆಯನ್ನು ಜಗಲಿಗೆ ಒರಗಿಸಿ ಹೋದಳು.

ಸಂಜೆಯೊಳಗೆ ಬಳೆಯಾಯಿತು. ನಾನು ತಂತಿ ಕಾಯಿಸಿದೆ, ಸಣ್ಣತ್ತೆ ಹೊಸೆದಳು. ನಾಲ್ಕೆಳೆಯದು ಮಾಡಿದೆವು. ತುದಿಗಳನ್ನು ಅವಳು ಎಷ್ಟು ಹೊತ್ತು ಕಲ್ಲಿಗೆ ಉಜ್ಜಿದಳೆಂದರೆ, ಸುತ್ತಿದ ಮೇಲೆ ತುದಿ ಎಲ್ಲಿದೆಯೆಂದು ಹುಡುಕಬೇಕಾಗಿತ್ತು.

ಬೆಳಗ್ಗೆ ತ್ಯಾಮಗೊಂಡ್ಲುವಿನವರೆಗೆ ನಾನೂ ಸಣ್ಣತ್ತೆಯೂ ನಂಜಮ್ಮನ ಜೊತೆ ನಡೆದೆವು. ದಾರಿಯುದ್ದಕ್ಕೂ ಅವರು ಬಲಗೈಯನ್ನು ಸೆರಗಿನೊಳಗೇ ಇಟ್ಟುಕೊಂಡಿದ್ದರು. ಎದುರಿಗೆ ಯಾರಾದರೂ ಬಂದರೆ ಸೆರಗನ್ನು ಇನ್ನಷ್ಟು ಎಳೆದುಕೊಳ್ಳುತ್ತಿದ್ದರು. ಇದ್ದಿಲ ಬಸ್ಸು ನಿಂತಿತ್ತು. ಕ್ಲೀನರ್ ಹಿಂದೆ ನಿಂತು ಗಾಳಿಯ ಚಕ್ರ ತಿರುಗಿಸಿ ತಿರುಗಿಸಿ ಬೆವರುತ್ತಿದ್ದ. ನಂಜಮ್ಮ ಹತ್ತಿದರು. ಒಳಗೆ ಜನ ತುಂಬಿದ್ದರು, ಕೂರಲು ಜಾಗವಿರಲಿಲ್ಲ. ಬಸ್ಸು ಕೆಮ್ಮಿ, ಹೊಗೆ ಬಿಟ್ಟು, ಒಮ್ಮೆಲೇ ಮುಂದಕ್ಕೆ ಜಿಗಿಯಿತು. ಬೀಳದಿರಲು ಅವರು ಕೈಯೆತ್ತಿ ಮೇಲಿನ ಕಂಬಿ ಹಿಡಿದರು. ಸೆರಗು ಜಾರಿ, ಬಳೆಯ ಮೇಲೆ ಬಿಸಿಲು ಬಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸರಿಬ್ಬರು ತಲೆಯೆತ್ತಿ ಆ ಕೈಯನ್ನೂ, ಆಮೇಲೆ ಅವರ ಬರಿ ಹಣೆಯನ್ನೂ ನೋಡಿದರು. ನಂಜಮ್ಮ ಅವರನ್ನು ನೋಡಿದರು. ಕೈ ಇಳಿಸಲಿಲ್ಲ.

ಹೊಗೆ ಕರಗುವವರೆಗೂ ನಾವು ಅಲ್ಲೇ ನಿಂತಿದ್ದೆವು. ವಾಪಸ್ ನಡೆಯುವಾಗ ಸಣ್ಣತ್ತೆ ಎರಡು ಸಲ ಹಿಂದೆ ತಿರುಗಿ ಬಸ್ಸು ಹೋದ ದಾರಿ ನೋಡಿದಳು.

"ಒಂಚೂರು ಸಡ್ಲ ಆಯ್ತೇನೋ ಕಣೆ ಅವರ ಕೈಗೆ," ಎಂದಳು ಕೊನೆಗೆ. "ಬೆಟ್ಟದಿಂದ ಇಳಿದು ಇದೇ ದಾರೀಲಿ ತಾನೇ ಬರೋದು. ನಿಲ್ಲಿಸ್ಕಂಡು ಬಿಗಿ ಮಾಡ್ಕೊಡಾನ."